ಸಹಾಯ ಬೇಕು: ಮದುವಿ ಬಾಗಲಕೋಟ್ಯಾಗ, ನಾವು ಡಬ್ಲಿನ್‌ದಾಗ

ಎಲ್ಲರಿಗೂ ಶರಣು. ತುಳಸಿ ಲಗ್ನ ಆದಮ್ಯಾಲ ತಂಗಿ ಮದುವಿ ಇಟ್ಕೊಂಡೀವಿ. ನಾವಿಬ್ರೂ ಡಬ್ಲಿನ್‌ದಾಗ, ಊರಾಗ ಅಪ್ಪ-ಅವ್ವ ಅಷ್ಟ. ಮಂಟಪದವರಿಗೆ ಫೋನ್ ಮಾಡಿದ್ರ 'ಬಂದು ನೋಡ್ರಿ' ಅಂತಾರ. ಅಲ್ಲಿ ಮುಂಜಾನೆ ಹತ್ತು ಅಂದ್ರ ಈಗ ಇಲ್ಲಿ ನಸಕಿನ ಐದೂವರೆ! ನವನಗರದಾಗ ಊಟದ ಹಾಲ್ ಬ್ಯಾರೆ ಇರೋ, ವಯಸ್ಸಾದವರಿಗೆ ಮೆಟ್ಟಲ ಹತ್ತೋ ಕಾಟ ಇಲ್ಲದ ಮಂಟಪ ಯಾವುದೈತಿ? ಖಡಕ್ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗಿ ಛಲೋ ಮಾಡೋ ಅಡಗಿಯವರೂ ಬೇಕು. ಪನೀರ್ ಬ್ಯಾಡ, ಇಲ್ಲಿ ತಿಂದು ಸಾಕಾಗೇತಿ.

ಮತ್ತ ಆಹೇರಿಗೆ ಇಳಕಲ್ ಸೀರಿ. ಕೊಂಡಿ ಹಾಕಿ ಸೆರಗು ಕೂಡಿಸಿದ ಕೈಮಗ್ಗದ್ದ ಆಗಬೇಕು, ಪವರ್‌ಲೂಮ್ ಒಲ್ಲೆ ಅಂತಾಳ ಅವ್ವ. ನೇಕಾರರಿಗೆ ನೇರ ಆರ್ಡರ್ ಕೊಟ್ಟವರಿದ್ರ, ಎಷ್ಟು ತಿಂಗಳ ಮೊದಲ ಹೇಳಬೇಕು, ಮುಂಗಡ ಎಷ್ಟು ಕೇಳ್ತಾರ, ತಿಳಸ್ರಿ.