ಒಂದೇ ಪಿಟ್: ನನ್ನ ಮಾಡೆಲ್‌ನಲ್ಲಿ ಲಾಭ, ಅಕೌಂಟ್ಸ್ ಲೆಕ್ಕದಲ್ಲಿ ನಷ್ಟ (ಗೋವಾ, ಕಬ್ಬಿಣದ ಅದಿರು)

ಬೆಂಚ್‌ಹುಡುಗ (ಬಿಚೋಲಿಂ):
ನಮಸ್ಕಾರ. ಸಂಡೂರಿನಲ್ಲಿ ಎರಡು ವರ್ಷ ಇದ್ದು ಈಗ ಗೋವಾಕ್ಕೆ ಬಂದಿದ್ದೇನೆ. ಹರಾಜಿನ ಲೀಸಿಗೆ ಪಿಟ್ ಪ್ಲಾನ್ ಮಾಡುತ್ತಿದ್ದೇನೆ. ರೆವಿನ್ಯೂ ಫ್ಯಾಕ್ಟರ್ 1ರ ಶೆಲ್ (ಬೆಲೆಯನ್ನು ಪೂರ್ತಿ ಹಿಡಿದಾಗ ಸಾಫ್ಟ್‌ವೇರ್ ಕೊಡುವ ಪಿಟ್ ಗಡಿ) ತೆಗೆದುಕೊಂಡೆ, ಟನ್ನಿಗೆ 200 ರೂಪಾಯಿ ಉಳಿಯುತ್ತದೆ. ಅದೇ ಪ್ಲಾನನ್ನು ಅಕೌಂಟ್ಸ್‌ನವರು ಹಾಕಿ ನೋಡಿದರೆ 60 ರೂಪಾಯಿ ಲುಕ್ಸಾನು! ಮಾರಾಟ ಬೆಲೆ 3000, ಹರಾಜಿನಲ್ಲಿ ಒಪ್ಪಿ ಸರ್ಕಾರಕ್ಕೆ ಕೊಡುವ ಪ್ರೀಮಿಯಂ 50%, ರಾಯಲ್ಟಿ 15%, ಖರ್ಚು 850 ಎಂದು ಹಿಡಿದಿದ್ದೇನೆ. ಮೂರು ದಿನದಿಂದ ತಲೆ ಕೆಡುತ್ತಿದೆ.

ಹಳೇಸರ್ವೇಯರ್ (ಫೋಂಡಾ):
50% ಯಾವುದರ ಮೇಲೆ? ನಿಮ್ಮ ಬಿಲ್ಲಿನ ಬೆಲೆಯ ಮೇಲಾ?

ಬೆಂಚ್‌ಹುಡುಗ:
ಹೌದು ಸರ್. ಅಲ್ವಾ?

ಹಳೇಸರ್ವೇಯರ್:
ಅಲ್ಲಪ್ಪಾ, ಅಲ್ಲೇ ಎಡವಿದ್ದೀಯ. ಪ್ರೀಮಿಯಂ, ರಾಯಲ್ಟಿ ಎರಡೂ ಐಬಿಎಂ (ಭಾರತೀಯ ಗಣಿ ಬ್ಯೂರೊ) ಪ್ರಕಟಿಸುವ ಸರಾಸರಿ ಮಾರಾಟ ಬೆಲೆಯ ಮೇಲೆ. ನಿನ್ನ ದರ್ಜೆಗೆ ಆ ಸರಾಸರಿ 3400 ಎಂದಿಟ್ಟುಕೋ. ಪ್ರೀಮಿಯಂ 1700, ರಾಯಲ್ಟಿ 510. 3000ದಲ್ಲಿ ಉಳಿದದ್ದು 790. ಖರ್ಚು 850. ಅಕೌಂಟ್ಸ್‌ನವರ 60 ಸಿಕ್ಕಿತು ನೋಡು. ಡಿಎಂಎಫ್ (ಜಿಲ್ಲಾ ಖನಿಜ ಪ್ರತಿಷ್ಠಾನದ ವಂತಿಗೆ) ಬೇರೆ ಇದೆ.

ಇನ್ನೊಂದು ಮುಖ್ಯ ವಿಷಯ. ಆ ಸರಾಸರಿ ಮೆಟ್ಟಿಲ ಥರ. ಅದಿರಿನಲ್ಲಿ ಕಬ್ಬಿಣ ಶೇಕಡಾ 55ರಿಂದ 58ರ ಒಳಗಿದ್ದರೆ ಒಂದು ದರ, 58ರಿಂದ 60ಕ್ಕೆ ಇನ್ನೊಂದು. 55.2ರ ಅದಿರಿಗೂ 57.8ರ ಅದಿರಿಗೂ ಸರ್ಕಾರಕ್ಕೆ ಕೊಡುವುದು ಒಂದೇ, ಕೊಳ್ಳುವವನು ಕೊಡುವುದು ಮಾತ್ರ ಒಂದೇ ಅಲ್ಲ. ಅಲ್ಯೂಮಿನ, ತೇವ ಎಂದು ಅವನು ಇನ್ನೂ ಕತ್ತರಿಸುತ್ತಾನೆ. ಮೆಟ್ಟಿಲ ಕೆಳತುದಿಯ ಅದಿರೇ ಎಲ್ಲಕ್ಕಿಂತ ತುಟ್ಟಿ. 58 ದಾಟಿದರೆ ಎಕ್ಸ್‌ಪೋರ್ಟ್‌ಗೆ 30% ಸುಂಕ ಬೇರೆ. ಅದಕ್ಕಿಂತ ಕೆಳಗಿನದಕ್ಕೆ 2022ರ ನವೆಂಬರಿನಿಂದ ಇಲ್ಲ. ಗ್ರೇಡ್ ಏರಿದಂತೆ ಬೆಲೆಯೂ ನೇರವಾಗಿ ಏರುತ್ತದೆ ಎಂದು ಕೊಟ್ಟರೆ ಆಪ್ಟಿಮೈಸರ್ (ಪಿಟ್ ಗಡಿ ಹುಡುಕುವ ಸಾಫ್ಟ್‌ವೇರ್) ತಪ್ಪು ಬ್ಲಾಕ್‌ಗಳನ್ನೇ ಅಗೆಯುತ್ತದೆ. ದರ್ಜೆಗೊಂದು ಮಾರಾಟ ಖರ್ಚು ಕೊಡು.

ಕೆಂಪುಧೂಳು (ವಾಸ್ಕೊ):
ಅಣ್ಣ ಹೇಳಿದ್ದು ಸರಿ. ಆದರೆ ನಿಮ್ಮ ಗ್ರೇಡ್ ಕ್ರಿಗಿಂಗ್‌ನದ್ದಾ (ಸುತ್ತಲಿನ ಸ್ಯಾಂಪಲ್‌ಗಳ ತೂಕದ ಸರಾಸರಿಯಿಂದ ಅಂದಾಜಿಸಿದ್ದಾ)? ಅದು ಏರಿಳಿತವನ್ನು ಸವರಿಬಿಡುತ್ತದೆ. ನಿಜಕ್ಕೆ 53 ಮತ್ತು 59 ಇದ್ದ ಕಡೆ ಎಲ್ಲವೂ 56 ಎಂದು ಕಾಣುತ್ತದೆ. ಮೆಟ್ಟಿಲ ದರ ಇರುವಾಗ ಇದು ಪೆಟ್ಟು ಕೊಡುತ್ತದೆ. ಸಿಮ್ಯುಲೇಷನ್‌ನಲ್ಲಿ ಏರಿಳಿತ ಉಳಿಸಿಕೊಂಡ, ಅದಿರು ಹೀಗಿರಬಹುದು ಎನ್ನುವ ಐವತ್ತು ಮಾದರಿ ತೆಗೆಯಿರಿ, ಎಷ್ಟರಲ್ಲಿ ನಷ್ಟ ಬರುತ್ತದೆ ಎಣಿಸಿ.

ಹಳೇಸರ್ವೇಯರ್:
ಅದೂ ಬೇಕು. ಆದರೆ ಮೊದಲು ಶೆಲ್ ಸಣ್ಣದು ಮಾಡು. 1ರ ಶೆಲ್‌ನ ಹೊರಗಿನ ಸಿಪ್ಪೆ ಲಾಭಕ್ಕೂ ಇಲ್ಲ, ನಷ್ಟಕ್ಕೂ ಇಲ್ಲ. ಬೆಲೆ ಒಂಚೂರು ಇಳಿದರೂ ಅದೇ ಮೊದಲು ಮುಳುಗುವುದು. 0.75, 0.8ರ ಶೆಲ್ (ಬೆಲೆಯ 75, 80% ಮಾತ್ರ ಹಿಡಿದದ್ದು) ನೋಡು, ಮೊದಲ ಪುಷ್‌ಬ್ಯಾಕ್ (ಪಿಟ್ ಅಗೆಯುವ ಹಂತ) ಅಲ್ಲಿಂದ ಶುರು ಮಾಡು. ಮೇಲ್ಮಣ್ಣು ತೆಗೆಯಲು ಮೊದಲ ವರ್ಷವೇ ಜಾಸ್ತಿ ದುಡ್ಡು ಹೂಳಬೇಡ. 2012ರಲ್ಲಿ ಒಮ್ಮೆ, 2018ರ ಮಾರ್ಚ್‌ನಲ್ಲಿ ಮತ್ತೊಮ್ಮೆ ಇಡೀ ಗೋವಾದ ಗಣಿಗಾರಿಕೆ ನಿಂತದ್ದನ್ನು ಕಂಡವನು ನಾನು. ಅಗೆದಿಟ್ಟ ಬೆಂಚಿನ (ಪಿಟ್ಟಿನ ಗೋಡೆಯ ಹಂತದ) ಮೇಲೆ ಹುಲ್ಲು ಬೆಳೆದಿತ್ತು. ಎನ್‌ಪಿವಿಗಿಂತ (ಮುಂದಿನ ಲಾಭದ ಇಂದಿನ ಬೆಲೆಗಿಂತ), ಹಾಕಿದ ದುಡ್ಡು ಯಾವಾಗ ವಾಪಸ್ ಬರುತ್ತದೆ ಅನ್ನುವುದನ್ನೇ ನಾನು ಮೊದಲು ಕೇಳುವುದು.

ಅಂದಹಾಗೆ ನಿನ್ನ ಷೆಡ್ಯೂಲ್‌ನಲ್ಲಿ ಜುಲೈಗೂ ಉತ್ಪಾದನೆ ಇದೆಯಾ?

ಬೆಂಚ್‌ಹುಡುಗ:
ಇದೆ ಸರ್... ಹನ್ನೆರಡು ತಿಂಗಳಿಗೂ ಸಮ ಹಂಚಿದ್ದೆ.

ಹಳೇಸರ್ವೇಯರ್:
ಜುಲೈನಲ್ಲಿ ಪಿಟ್‌ಗೆ ಹೋಗಿ ನೋಡು, ಕೆಳಗಿನ ಎರಡು ಬೆಂಚು ಕೆರೆಯಾಗಿರುತ್ತವೆ. ಅದಿರು ಎಂಟು ತಿಂಗಳಿಗೆ ಹಾಕು. ಪಂಪಿನ ಡೀಸೆಲ್ ಬೇರೆ ಸಾಲಿನಲ್ಲಿ.

ಬೆಂಚ್‌ಹುಡುಗ (ನಾಲ್ಕು ದಿನದ ನಂತರ):
ಎಲ್ಲ ತಿದ್ದಿ ಓಡಿಸಿದೆ. ಶೆಲ್ 0.78ಕ್ಕೆ ನಿಂತಿದೆ, ಟನ್ ಮೊದಲಿಗಿಂತ ಕಡಿಮೆ. ಬೆಲೆ 10% ಇಳಿಸಿದರೂ ಮೈನಸ್‌ಗೆ ಹೋಗುತ್ತಿಲ್ಲ. ಅಕೌಂಟ್ಸ್ ಲೆಕ್ಕಕ್ಕೂ ನನ್ನದಕ್ಕೂ ಈಗ ಟನ್ನಿಗೆ 8 ರೂಪಾಯಿ ವ್ಯತ್ಯಾಸ ಮಾತ್ರ. ಬಾಸ್ ಮಾತ್ರ "ಇಷ್ಟು ಸಣ್ಣ ಪಿಟ್ಟಾ?" ಎಂದು ಮುಖ ಸಿಂಡರಿಸಿದರು. ಇನ್ನು ಕೆಂಪುಧೂಳು ಹೇಳಿದ ಐವತ್ತು ಮಾದರಿ, ಈ ಹಳೇ ಲ್ಯಾಪ್‌ಟಾಪ್‌ನಲ್ಲಿ ರಾತ್ರಿಯಿಡೀ ಓಡಲಿ.