ಪದ ಬೇಕಿದೆ: ‘ಸೆಲ್ಫ್ ಎಸ್ಟೀಮ್’, ‘ಐಡಿಯಲ್ ಸೆಲ್ಫ್’ (ನಾಳೆ ಸಂಜೆ ಮುದ್ರಣಕ್ಕೆ)

ಎಲ್ಲರಿಗೂ ನಮಸ್ಕಾರ.
ಹೈಸ್ಕೂಲು ಮಕ್ಕಳಿಗಾಗಿ ಅಮೆರಿಕದ ಸಮಾಜಶಾಸ್ತ್ರಜ್ಞ ರೋಸೆನ್‌ಬರ್ಗ್ ಅವರ, ‘ಸೆಲ್ಫ್ ಎಸ್ಟೀಮ್’ (ತನಗೆ ತಾನು ಕೊಟ್ಟುಕೊಳ್ಳುವ ಬೆಲೆ) ಅಳೆಯುವ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನ್ಯೂಯಾರ್ಕ್ ರಾಜ್ಯದ 5,000ಕ್ಕೂ ಹೆಚ್ಚು ಹೈಸ್ಕೂಲು ಮಕ್ಕಳಿಗೆ ಕೊಟ್ಟು ನೋಡಿ 1965ರಲ್ಲಿ ಪ್ರಕಟಿಸಿದ್ದು. ಹತ್ತೇ ವಾಕ್ಯ: ಐದು ತನ್ನನ್ನು ಮೆಚ್ಚುವಂಥವು, ಐದು ಹಳಿಯುವಂಥವು. ‘ಸೆಲ್ಫ್ ಎಸ್ಟೀಮ್’ಗೆ ‘ಸ್ವಾಭಿಮಾನ’ ಅಂತ ಹಾಕಿದ್ದೆ. ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿಗೆ ತೋರಿಸಿದರೆ, ‘ಅಂದ್ರೆ ಯಾರ ಹತ್ರನೂ ಕೈಚಾಚಬಾರದು ಅಂತಲ್ವಾ ಆಂಟಿ?’ ಅಂದಳು. ‘ಐಡಿಯಲ್ ಸೆಲ್ಫ್’ಗೆ ‘ಆದರ್ಶ ವ್ಯಕ್ತಿತ್ವ’ ಅಂದಿದ್ದಕ್ಕೆ ಗೋಡೆಯ ಮೇಲಿನ ವಿವೇಕಾನಂದರ ಪಟ ತೋರಿಸಿದಳು. ನನಗೆ ಬೇಕಾದದ್ದು ‘ನಾನು ಹೀಗಿರಬೇಕಿತ್ತು’ ಅಂತ ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಅವಳದೇ ರೂಪ.

ಮರು:
‘ಆತ್ಮಗೌರವ’ ಇದೆಯಲ್ಲ, ಹಾಕಿ ಮುಗಿಸಿ. ‘ಆದರ್ಶ’ವನ್ನು ಮಾತ್ರ ಬಿಡಬೇಡಿ ಮೇಡಂ. ಸಂಸ್ಕೃತದಲ್ಲಿ ಅದಕ್ಕೆ ಕನ್ನಡಿ ಎಂದೇ ಅರ್ಥ. ‘ನೋಡು’ ಎಂಬ ಅರ್ಥದ ದೃಶ್ ಧಾತು. ಹದಿನಾಲ್ಕರ ಮಕ್ಕಳು ಕನ್ನಡಿಯಲ್ಲಿ ಹುಡುಕುವುದೂ ಅದನ್ನೇ.

ಮರು:
ಧಾತು ನಿಮಗೆ ಗೊತ್ತು, ಉತ್ತರ ಬರೆಯಬೇಕಾದವಳು ಆ ಹುಡುಗಿ. ‘ಕೀಳರಿಮೆ’ ಇವತ್ತು ಟೀಚರ ಬಾಯಲ್ಲೂ ಇದೆ, ತಾಯಂದಿರ ಬಾಯಲ್ಲೂ ಇದೆ. ಅದೇ ದಾರಿಯಲ್ಲಿ ‘ತನ್ನರಿಮೆ’ ಅನ್ನಲು ಏನಡ್ಡಿ? ಎಲ್ಲದಕ್ಕೂ ‘ಆತ್ಮ’ ಅಂಟಿಸುವ ಚಟ ಸಾಕು.

ಮರು:
‘ತನ್ನರಿಮೆ’ ಆಗದು. ಅದು ತನ್ನನ್ನು ತಾನು ಅರಿಯುವುದು. ಇಲ್ಲಿರುವುದು ತನಗೆ ತಾನೇ ಬೆಲೆ ಕಟ್ಟಿಕೊಳ್ಳುವುದು. ‘ಎಸ್ಟೀಮ್’, ‘ಎಸ್ಟಿಮೇಟ್’ ಎರಡೂ ಒಂದೇ ಲ್ಯಾಟಿನ್ ಬೇರಿನವು. ಇಂಗ್ಲಿಷಿನವರೂ ಎರವಲು ತಂದೇ ಬದುಕಿದರು, ಹಾಗಾಗಿ ಮಡಿಯ ಜಗಳ ಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಈ ಬೆಲೆಯ ಲೆಕ್ಕ ಬರೆದಿಟ್ಟಿದ್ದಾನೆ: ಕೈಗೂಡಿದ್ದನ್ನು ಹಂಬಲಿಸಿದ್ದರಿಂದ ಭಾಗಿಸಿ. ಹಂಬಲ ಹಿಗ್ಗಿದಷ್ಟೂ ಬೆಲೆ ಕುಗ್ಗುತ್ತದೆ. ಆ ವಯಸ್ಸಿನಲ್ಲಿ ಹಂಬಲ ಹಿಗ್ಗಿಸಲು ಅಣ್ಣನ ಮಾರ್ಕ್ಸು ಸಾಕು, ಮೊಬೈಲಿನಲ್ಲಿ ಕಂಡ ನುಣುಪು ಮುಖ ಸಾಕು. ಹಾಗಾಗಿ ಎರಡೂ ಪದ ಜೋಡಿಯಾಗಿಯೇ ಬರಲಿ: ‘ನನ್ನ ಕಣ್ಣಲ್ಲಿ ನಾನು’, ‘ನಾನು ಬಯಸುವ ನಾನು’. ಒಂದೇ ಪದವಾಗಿರಬೇಕೆಂಬ ಹಟ ಕೋಶಕ್ಕಿರಲಿ, ಮಕ್ಕಳಿಗೆ ಬೇಡ.

ಮರು:
ಸರ್, ತಲೆಬರಹಕ್ಕೆ ಅವೆರಡನ್ನೇ ಹಾಕಿದೆ. ಇನ್ನೊಂದು ತೊಡಕಿದೆ. ‘ಕೆಲಸಕ್ಕೆ ಬಾರದವನು/ಬಾರದವಳು ಅಂತ ಆಗಾಗ ಅನ್ನಿಸುತ್ತದೆ’ ಅಂತ ಒಂದು ವಾಕ್ಯ. ಒಪ್ಪುತ್ತೀಯಾ ಇಲ್ಲವಾ ಅಂತ ಕೇಳುವ ಮೊದಲೇ ಹುಡುಗಿ ಪೆನ್ನು ತೆಗೆದು ‘ಬಾರದವಳು’ ಸುತ್ತ ಗೆರೆ ಎಳೆದಳು. ತನಗೆ ಹೊಂದುವ ರೂಪವನ್ನು ಆರಿಸುವುದೇ ಪ್ರಶ್ನೆ ಅಂದುಕೊಂಡಿದ್ದಳಂತೆ. ಲಿಂಗ ಕಾಣದ ಹಾಗೆ ‘ನನ್ನಿಂದ ಏನೂ ಪ್ರಯೋಜನವಿಲ್ಲ’ ಅಂದರೆ ಅರ್ಥ ಜಾರುತ್ತದೆಯೇ? ಬೆಳಿಗ್ಗೆಯೊಳಗೆ ಯಾರಾದರೂ ಹೇಳಿ.