ಪಿಎಲ್‌ಎ–ಪಿಬಿಎಟಿ ಹಾಳೆಗೆ ಜೇಡಿಮಣ್ಣು ಬೆರೆಸಿದ ಮೇಲೆ ಮುರಿಯುವುದೇಕೆ?

ಪ್ರಶ್ನೆ: ಸರ್, ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ 80 ಭಾಗ ಪಿಎಲ್‌ಎ, 20 ಭಾಗ ಪಿಬಿಎಟಿ (ಎರಡೂ ಕೊಳೆಯಬಲ್ಲ ಪಾಲಿಮರ್‌ಗಳು, ಅಂದರೆ ಉದ್ದ ಸರಪಳಿಯಂಥ ಅಣುಗಳ ಪ್ಲಾಸ್ಟಿಕ್‌ಗಳು; ಮೊದಲನೆಯದು ಗಡುಸು, ಎರಡನೆಯದು ಮೆದು) ತೆಗೆದುಕೊಂಡು, ಅಮೋನಿಯಂ ಲವಣದಿಂದ ಮಾರ್ಪಡಿಸಿದ ಮಾಂಟ್‌ಮೊರಿಲೊನೈಟ್ ಎಂಬ ಪದರುಪದರಾದ ಜೇಡಿಮಣ್ಣನ್ನು ಶೇ. 5ರಷ್ಟು ಬೆರೆಸಿ, 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಕ್ಸ್‌ಟ್ರೂಡರ್‌ಗೆ (ಕರಗಿಸಿ ಬೆರೆಸುವ ಸ್ಕ್ರೂ ಯಂತ್ರಕ್ಕೆ) ಹಾಕಿದ್ದೆ. ಪದರಗಳ ಅಂತರ ತಿಳಿಸುವ ಎಕ್ಸ್-ರೇ ವಿವರ್ತನೆಯ ನಕ್ಷೆಯಲ್ಲಿ ಮಣ್ಣಿನ ಶಿಖರ 4.8 ಡಿಗ್ರಿಯಿಂದ 2.6 ಡಿಗ್ರಿಗೆ ಸರಿದಿದೆ. ಪದರಗಳು ಪೂರ್ತಿ ಬಿಡಿಬಿಡಿಯಾಗಿವೆ ಎಂದು ವರದಿಯಲ್ಲಿ ಬರೆಯಬಹುದೇ? ಹಾಗಿದ್ದರೆ ಹಾಳೆ ಹಳದಿಗಟ್ಟಿ, ಮಡಿಸಿದರೆ ಮುರಿಯುವುದೇಕೆ?

ಉತ್ತರ: ಹಾಗೆ ಬರೆಯಬೇಡಿ. ತಾಮ್ರದ ಕಿರಣದ ತರಂಗಾಂತರ 0.154 ನ್ಯಾನೊಮೀಟರ್ ಎಂದಿಟ್ಟುಕೊಂಡು ಬ್ರ್ಯಾಗ್ ಸೂತ್ರದಿಂದ ಲೆಕ್ಕ ಹಾಕಿದರೆ (ಕೋನವನ್ನು ಅರ್ಧ ಮಾಡಿಕೊಳ್ಳಲು ಮರೆಯಬೇಡಿ, ಬಹಳ ಮಂದಿ ಮರೆಯುತ್ತಾರೆ) ಪದರಗಳ ಅಂತರ 1.84ರಿಂದ ಸುಮಾರು 3.4 ನ್ಯಾನೊಮೀಟರ್‌ಗೆ ಏರಿದೆ. ಅಂದರೆ ಪಾಲಿಮರ್ ಸರಪಳಿಗಳು ಪದರಗಳ ನಡುವೆ ನುಸುಳಿವೆ, ಆದರೆ ಪದರಗಳ ಅಟ್ಟಿ ಕಳಚಿಲ್ಲ. ಶಿಖರ ಪೂರ್ತಿ ಮಾಯವಾಗಿದ್ದರೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವಿಲ್ಲದೆ ಬಿಡಿಬಿಡಿಯಾಗಿವೆ ಎನ್ನಲಾಗದು.

ಮುರಿಯುವುದಕ್ಕೆ ನನ್ನ ಮೊದಲ ಅನುಮಾನ ತೇವದ ಮೇಲೆ. ಜೇಡಿಮಣ್ಣು ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ಕರಗಿದ ಪಿಎಲ್‌ಎಯ ಎಸ್ಟರ್ ಬಂಧಗಳನ್ನು (ಸರಪಳಿಯ ಕೊಂಡಿಗಳನ್ನು) ಆ ನೀರು ಕತ್ತರಿಸುವುದರಿಂದ ಸರಪಳಿಗಳು ಮೋಟಾಗುತ್ತವೆ. ಮಣ್ಣನ್ನೂ ಎರಡೂ ಪಾಲಿಮರ್‌ಗಳನ್ನೂ ನಿರ್ವಾತ ಒಲೆಯಲ್ಲಿ ಒಣಗಿಸಿ, ಪಿಎಲ್‌ಎಯಲ್ಲಿ ತೇವ 250 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 250 ಭಾಗಕ್ಕಿಂತ) ಕೆಳಗಿಳಿದ ಮೇಲೆಯೇ ಯಂತ್ರಕ್ಕೆ ಹಾಕಿ. ಹಳದಿ ಬಣ್ಣಕ್ಕೆ ಬಹುಶಃ ಮಣ್ಣಿಗೆ ಸೇರಿದ ಅಮೋನಿಯಂ ಲವಣವೇ ಕಾರಣ: ಅದು 200 ಡಿಗ್ರಿಯ ಆಸುಪಾಸಿನಲ್ಲಿ ಒಡೆಯತೊಡಗುತ್ತದೆ, ನೀವು 190 ಎಂದು ನಿಗದಿ ಮಾಡಿದ್ದರೂ ಸ್ಕ್ರೂವಿನ ತಿಕ್ಕಾಟದಿಂದ ಒಳಗಿನ ದ್ರವ ಅದಕ್ಕಿಂತ ಬಿಸಿಯಾಗಿರಬಹುದು. ಸ್ಕ್ರೂವಿನ ವೇಗ ತಗ್ಗಿಸಿ, ಮಣ್ಣನ್ನು ಶೇ. 2ಕ್ಕೆ ಇಳಿಸಿ ನೋಡಿ. ಗಂಟುಕಟ್ಟಿದ ಮಣ್ಣಿನಿಂದಲೂ ಬಿರುಕು ಹುಟ್ಟುತ್ತದೆ. ಪಿಎಲ್‌ಎ ಮತ್ತು ಪಿಬಿಎಟಿ ತಾವಾಗಿ ಬೆರೆಯುವುದಿಲ್ಲ. ಮಣ್ಣು ಇವೆರಡರ ಗಡಿಯಲ್ಲಿ ಕುಳಿತರೆ ಪಿಬಿಎಟಿ ಹನಿಗಳು ಸಣ್ಣದಾಗುತ್ತವೆ, ಆದರೆ ಎರಡನ್ನೂ ರಾಸಾಯನಿಕವಾಗಿ ಬೆಸೆಯಲು ಎಪಾಕ್ಸಿ ಗುಂಪುಗಳುಳ್ಳ ಸರಪಳಿ ವರ್ಧಕದಂಥ (ಸರಪಳಿಗಳ ತುದಿಗಳನ್ನು ಜೋಡಿಸುವ) ವಸ್ತು ಬೇಕು.

ಮರುಪ್ರಶ್ನೆ: ಈ ಹಾಳೆ ನಮ್ಮ ಹಿತ್ತಲ ತಿಪ್ಪೆಯಲ್ಲಿ ಕೊಳೆಯುತ್ತದೆಯೇ, ಸರ್? ಜೇಡಿಮಣ್ಣು ಸೇರಿದ್ದರಿಂದ ಬೇಗ ಕೊಳೆಯುವುದೋ, ತಡವಾಗುವುದೋ?

ಉತ್ತರ: ಪಿಎಲ್‌ಎ ಮೆದುವಾಗುವುದೇ 60 ಡಿಗ್ರಿಯ ಹತ್ತಿರ, ಕಾಂಪೋಸ್ಟ್ ಪರೀಕ್ಷೆಯನ್ನು 58 ಡಿಗ್ರಿಯಲ್ಲಿ ಮಾಡುವುದು ಅದಕ್ಕೆ ತಕ್ಕಂತೆಯೇ ಇದೆ. ತಣ್ಣಗಿರುವ ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಇನ್ನು ಜೇಡಿಮಣ್ಣಿನ ಪಾತ್ರ ಎರಡು ಬಗೆಯದು: ಚಪ್ಪಟೆ ಪದರಗಳು ನೀರಿನ ದಾರಿಯನ್ನು ಸುತ್ತುಬಳಸಾಗಿಸಿ ತಡೆಯುತ್ತವೆ, ಅವುಗಳ ಹೈಡ್ರಾಕ್ಸಿಲ್ ಗುಂಪುಗಳು ಅದೇ ನೀರನ್ನು ಒಳಗೆಳೆಯುತ್ತವೆ. ಯಾವುದು ಗೆಲ್ಲುತ್ತದೆಂಬುದು ಮಣ್ಣಿನ ಮಾರ್ಪಾಡನ್ನು ಅವಲಂಬಿಸಿರುವುದರಿಂದ, ಜೇಡಿಮಣ್ಣಿಲ್ಲದ ಹಾಳೆಯೊಂದನ್ನೂ ಜೊತೆಗೆ ಹೂತು, ತೂಕದ ಜೊತೆ ಅಣುತೂಕವನ್ನೂ ಅಳೆಯಿರಿ. ತೂಕ ಇಳಿಯುವ ಮೊದಲೇ ಅಣುತೂಕ ಇಳಿಯುತ್ತದೆ.